ಒಗ್ಗರಣೆ ಇಲ್ಲದ ಸಾರು

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮುಂಚೆ ಇದನ್ನು ನಾನೇ ಹೇಳಿಬಿಡುತ್ತೇನೆ. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ವಾರದೊಳಗೇ ನಮ್ಮ ಬೀದಿಯ ಬಾವಿಕಟ್ಟೆಯಲ್ಲಿ ನನಗೆ ಆ ಹೆಸರು ಬಂದಿತ್ತು. ಅಂಥ ನಾನು ಬದುಕಿನಲ್ಲಿ ಒಂದೇ ಒಂದು ಸಲ, ಮಾತಾಡಲೇಬೇಕಾದ ಕಡೆ, ತುಟಿ ಹೊಲಿದುಕೊಂಡು ಕೂತೆ. ಕಂಟ್ರಾಕ್ಟು ಕೂಲಿ ಬಿಟ್ಟು ಸ್ವಂತ ಕಸುಬು ಹಿಡಿದಿದ್ದ ನನ್ನ ಗಂಡನ ಮೊಟ್ಟಮೊದಲ ಕೆಲಸ ಅದು. ನನ್ನ ಮೌನದಿಂದ ಅದೇ ಕೊನೆಯ ಕೆಲಸವೂ ಆಗುವುದರಲ್ಲಿತ್ತು.

ನಮ್ಮವರದು ಸುಣ್ಣ ಬಣ್ಣ ಬಳಿಯುವ ಕೆಲಸ. ಊರಿನ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಒಂಬತ್ತು ವರ್ಷ ದುಡಿದಿದ್ದರು. ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಆಫೀಸು, ಸ್ಕೂಲು, ಠಾಣೆಗಳ ಗೋಡೆಯ ಮೇಲಿದ್ದ ತಮಿಳು ಅಕ್ಷರ ಅಳಿಸಿ ಕನ್ನಡ ಬರೆಯಬೇಕಾಯಿತಲ್ಲ, ಆ ಹೊತ್ತಿನಲ್ಲಿ ಆ ಕಂಟ್ರಾಕ್ಟರು ದೊಡ್ಡ ಮನುಷ್ಯನಾದ. ಅಳಿಸಿದ್ದೂ ಬಳಿದಿದ್ದೂ ನಮ್ಮವರಂಥ ಏಳೆಂಟು ಜನ. ಸೈಕಲ್ ಮೇಲೆ ಬಂದು ಕೆಳಗೆ ನಿಂತು ಕೈ ತೋರಿಸುತ್ತಿದ್ದವನು ಅವನು. ನಮ್ಮವರು ಮಾತು ಕಮ್ಮಿ, ಕೈ ನಿಧಾನ. ಒಂದು ಕಿಟಕಿಗೆ ಬಣ್ಣ ಹಚ್ಚಿದರೆ ಬ್ರಶ್ಶಿನ ಗೆರೆ ಹುಡುಕಿದರೂ ಸಿಗುತ್ತಿರಲಿಲ್ಲ. ಟ್ರಾವೆಲರ್ಸ್ ಬಂಗಲೆಯ ಹಸಿರು ಬಾಗಿಲುಗಳನ್ನು ನೋಡಿ ಜನ ಕಂಟ್ರಾಕ್ಟರನನ್ನು ಹೊಗಳುತ್ತಿದ್ದರು. ಆ ಬಾಗಿಲುಗಳು ನಮ್ಮವರ ಕೈಯವು.

ಹನೂರಿನಲ್ಲಿ ಒಂದು ಹಾಸ್ಟೆಲ್ಲಿಗೆ ಸುಣ್ಣ ಬಳಿಯುವಾಗ ಏಣಿಯ ಮೇಲಿದ್ದವರ ಬಲಗಣ್ಣಿಗೆ ಸುಣ್ಣ ಬಿತ್ತು. ಕೆಳಗಿಳಿದು ತೊಳೆದುಕೊಳ್ಳಲು ಹೋದವರಿಗೆ ಆ ಪುಣ್ಯಾತ್ಮ, "ಇನ್ನೊಂದು ಕಣ್ಣದೆಯಲ್ಲ, ಅದ್ರಲ್ಲೇ ನೋಡ್ಕಂಡು ಬಳೀಲಾ" ಅಂದನಂತೆ. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಕಣ್ಣು ಬದನೆಕಾಯಿಯಂತೆ ಊದಿತ್ತು. ನಾನು ಹರಳೆಣ್ಣೆ ಬಿಟ್ಟು ಬಟ್ಟೆ ಕಟ್ಟಿದೆ. ಏನಾಯಿತು ಎಂದು ಕೇಳಿ ಕೇಳಿ ಬಾಯಿ ಬಿಡಿಸಿದೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಹನೂರಿಗೆ ಹೋದೆ.

ಕೂಲಿಯವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನು ಸುಣ್ಣದ ತೊಟ್ಟಿಯಿಂದ ಒಂದು ಹಿಡಿ ಬಾಚಿಕೊಂಡು ಕಂಟ್ರಾಕ್ಟರನ ಮುಂದೆ ನಿಂತೆ. "ಬಾ ಸಾ ಬಾ, ನಿನ್ನ ಒಂದು ಕಣ್ಗೆ ಆಕ್ತೀನಿ. ಇನ್ನೊಂದ್ರಲ್ಲಿ ನೋಡ್ಕಂಡು ಸೈಕಲ್ ಒಡ್ಕಂಡು ಓಗು, ನೋಡಾವ!" ಯಾರೋ ನಕ್ಕರು. ಆ ನಗುವೇ ಅವನಿಗೆ ಚುಚ್ಚಿದ್ದು.

"ನಿನ್ನ ಗಂಡನ್ಗೆ ನಾಳೆಯಿಂದ ಬರ್ಬೇಡ ಅಂತ ಏಳು. ಮೂರು ತಿಂಗ್ಳು ಕೊಡ್ತೀನಿ. ಮೂರೇ ತಿಂಗ್ಳು. ಆಮ್ಯಾಕೆ ಇಬ್ರೂ ಬಂದು ನಮ್ಮನೆ ಜಗ್ಲಿ ಮುಂದೆ ನಿಂತ್ಕತೀರಿ," ಎಂದ.

ಮನೆಗೆ ಬಂದು ಹೇಳಿದಾಗ ನಮ್ಮವರು ನನ್ನ ಮುಖ ನೋಡಲಿಲ್ಲ. "ಬಿಡ್ಬೇಕು ಅಂತ ನನ್ಗೂ ಇತ್ತು. ಆದ್ರೆ ನಾನು ಬಿಡ್ಬೇಕಾಗಿತ್ತು. ನೀ ಬಿಡಿಸ್ಬುಟ್ಟೆ" ಎಂದರು. ಅಷ್ಟೇ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ನಿಂತುಕೊಂಡಿತು. ಇನ್ನು ಈ ಮನುಷ್ಯನ ಕಸುಬು ನಿಂತರೆ ಅದು ನನ್ನ ತಲೆಗೇ ಬರುವುದು ಎಂದು ಅವತ್ತೇ ಗೊತ್ತಾಯಿತು.

ಕಣ್ಣು ವಾಸಿಯಾಯಿತು. ಎರಡು ಕುಂಚ, ಮೂರು ಬ್ರಶ್ಶು, ಒಂದು ಏಣಿ ಹೊಂದಿಸಿಕೊಂಡರು. ಕೆಲಸ ಮಾತ್ರ ಬರಲಿಲ್ಲ. ಎರಡು ತಿಂಗಳು ಹೀಗೇ ಕಳೆದ ಮೇಲೆ ಧನಗೆರೆಯಿಂದ ಒಬ್ಬ ಸಾಹುಕಾರರು ಹುಡುಕಿಕೊಂಡು ಬಂದರು. ತೊಟ್ಟಿ ಮನೆ, ಹೊಲ ಗದ್ದೆ ಎಲ್ಲ ಇದ್ದ ದೊಡ್ಡ ಕುಳ. ಮನೆಗೆ ಹೊಸ ಬಾಗಿಲು ಕಿಟಕಿ ಕೂರಿಸಿದ್ದರಂತೆ. ಗೋಡೆಗೆಲ್ಲ ಸುಣ್ಣ, ಬಾಗಿಲಿಗೆ ಬಂಗಲೆಯ ಹಾಗೆ ಹಸಿರು ಎಣ್ಣೆಬಣ್ಣ ಬೇಕು, ಶಿವರಾತ್ರಿಯ ಒಳಗೆ ಮುಗಿಯಬೇಕು ಎಂದರು. "ಬಂಗ್ಲೆ ಬಾಗ್ಲು ಮಾಡ್ದೋನು ನೀನೇ ಅಂತ ಅಲ್ಲಿ ಕಾವ್ಲಿರೋ ಮೇಟಿ ಏಳ್ದ. ಕಂಟ್ರಾಕ್ಟರು ಬ್ಯಾಡ, ಆ ಕೈಯೇ ಬೇಕು ನಂಗೆ" ಎಂದರು.

ಆ ಕೈಯೇ ಬೇಕು! ಸಾಹುಕಾರರು ತಿರುಗಿ ಹೋದ ಮೇಲೆ ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಸುಣ್ಣ ಸೋಸಲು, ನೀರು ಹೊರಲು ಆಳು ಬೇಕಲ್ಲ, ನಾನೇ ಬರುತ್ತೇನೆ ಎಂದೆ. ನಮ್ಮವರು ಬೇಡವೆನ್ನಲಿಲ್ಲ. ಒಂದೇ ಒಂದು ಮಾತು ಹೇಳಿದರು: "ಅಲ್ಲಿ ಬಾಯಿ ಬಿಗಿ ಇಡ್ಕಂಡಿರು. ದೊಡ್ಡೋರ ಮನೆ."

ಧನಗೆರೆಗೆ ದಿನಾ ಬೆಳಿಗ್ಗೆ ನಡೆದು ಹೋಗುತ್ತಿದ್ದೆವು. ಬಾಡಿಗೆ ಸೈಕಲ್ಲಿಗೆ ಏಣಿ ಕಟ್ಟಿ ಅವರು ತಳ್ಳುತ್ತಿದ್ದರು, ಬಣ್ಣದ ಡಬ್ಬಗಳ ಕುಕ್ಕೆ ನನ್ನ ತಲೆಯ ಮೇಲೆ. ಆ ಮನೆಯಲ್ಲಿ ನಡೆಯುತ್ತಿದ್ದುದು ಸಾಹುಕಾರರ ತಾಯಿಯ ಮಾತು. ಊರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿತ್ತು. ಹಣೆ ತುಂಬ ವಿಭೂತಿ, ನೆಟ್ಟಗಿನ ಬೆನ್ನು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಸೊಸೆಯರಿಬ್ಬರೂ ಆಕೆಯ ಕಣ್ಣಳತೆಯಲ್ಲೇ ಓಡಾಡುತ್ತಿದ್ದರು.

ಕುಂಚ ಅದ್ದುವ ಮೊದಲೇ ನಮ್ಮವರು ಕೇಳಿದರು. ನಮ್ಮ ಸೀಮೆಯಲ್ಲಿ ರೇಷ್ಮೆಹುಳ ಸಾಕದ ಮನೆ ಕಮ್ಮಿ. ಹುಳ ಸಾಕುವ ಮನೆಯಲ್ಲಿ ಘಾಟು ವಾಸನೆ ಕೂಡದು. ಸುಣ್ಣದಿಂದ ಏನೂ ತೊಂದರೆಯಿಲ್ಲ. ಎಣ್ಣೆಬಣ್ಣವೂ ಅದಕ್ಕೆ ಕಲಸುವ ಟರ್ಪೆಂಟೈನೂ ಹುಳಕ್ಕೆ ವಿಷ.

"ದೊಡ್ಡವ್ವಾರೇ, ಮನೇಲಿ ಉಳ ಏನಾರ ಇದ್ದಾವಾ? ನಾಕ್ನೇ ದಿನಕ್ಕೆ ಎಣ್ಣೆಬಣ್ಣದ ಡಬ್ಬ ತಗೀತೀವಿ."

"ಇಲ್ಲ ಕಣಪ್ಪ. ಈ ಸಲ ತರ್ನಿಲ್ಲ," ಎಂದರು ದೊಡ್ಡವ್ವ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ನಮ್ಮವರು ಕೊಳ್ಳೇಗಾಲದ ಪೇಟೆಯಲ್ಲಿ ಹುಟ್ಟಿ ಬೆಳೆದವರು. ಅವರಿಗೆ ಗೊತ್ತಿದ್ದದ್ದು ನೂಲು, ಮಗ್ಗ. ಹುಳ ಸಾಕಿದವರಲ್ಲ, ಆ ಮಾತು ನಂಬಿದರು. ನನ್ನ ತವರು ಯಳಂದೂರಿನ ಪಕ್ಕದ ಹಳ್ಳಿ. ನಾನು ಹುಟ್ಟಿದ್ದೇ ಹುಳದ ತಟ್ಟೆಗಳ ನಡುವೆ. ಅವತ್ತು ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಮೊದಲ ತುತ್ತಿಗೇ ನನ್ನ ನಾಲಿಗೆಗೆ ತಿಳಿಯಿತು. ಸಾರಿಗೆ ಒಗ್ಗರಣೆ ಇಲ್ಲ.

ಅಂಥ ಮನೆಯಲ್ಲಿ ಸಾರಿಗೆ ಒಗ್ಗರಣೆ ಇಲ್ಲವೆಂದರೆ ಏನರ್ಥ? ಸೊಸೆ ನನ್ನ ಮುಖ ನೋಡಿದಳು. ದೊಡ್ಡವ್ವ ಒಳಗಿನಿಂದಲೇ, "ಯಜಮಾನ್ರಿಗೆ ಎದೆ ಉರಿ ಕಣವ್ವ, ಒಗ್ಗರಣೆ ಆಗಾಕಿಲ್ಲ" ಎಂದರು. ಎದೆ ಉರಿಯ ಯಜಮಾನರು, ಅಂದರೆ ಸಾಹುಕಾರರು, ನಮ್ಮೆದುರಿಗೇ ಹಸಿ ಮೆಣಸಿನಕಾಯಿ ಕಚ್ಚಿಕೊಂಡು ಅದೇ ಸಾರು ಸುರಿಯುತ್ತಿದ್ದರು! ಹುಳ ಇರುವ ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದಿಲ್ಲ, ಸಾಸಿವೆ ಸಿಡಿಸುವುದಿಲ್ಲ, ಬೀಡಿ ಹಚ್ಚುವುದಿಲ್ಲ. ಘಾಟಿಗೆ ಹುಳ ಕೆಡುತ್ತದೆ. ನನ್ನ ತವರಿನಲ್ಲಿ ವರ್ಷದ ಅರ್ಧ ದಿನ ನಾವು ಇಂಥ ಸಾರನ್ನೇ ಉಂಡಿದ್ದೇವೆ.

ಎರಡನೆಯ ದಿನ ಕುಂಚ ತೊಳೆಯಲು ಹಿತ್ತಿಲ ಬಾವಿಗೆ ಹೋದಾಗ ಸದ್ದು ಕೇಳಿಸಿತು. ಒಳಂಗಳದ ತೊಟ್ಟಿಯ ಹಿಂದೆ ಒಂದು ಉದ್ದನೆಯ ಕೋಣೆ, ಬಾಗಿಲು ಬೀಗ, ಹೊಸ್ತಿಲ ಮೇಲೆ ಸುಣ್ಣದ ಪುಡಿಯ ಗೆರೆ. ಒಳಗೆ ಒಣ ತರಗಿನ ಮೇಲೆ ಸೋನೆ ಬಿದ್ದಂಥ ಸದ್ದು. ಹುಳಗಳಿಗೆ ಬೆಳೆಯುವಾಗ ನಾಲ್ಕು ಸಲ ಜ್ವರ ಬರುತ್ತದೆ, ಮೇವು ಬಿಟ್ಟು ಮಲಗುತ್ತವೆ, ಪೊರೆ ಕಳಚಿ ಏಳುತ್ತವೆ. ನಾಲ್ಕನೆಯ ಜ್ವರದಿಂದ ಎದ್ದ ಹುಳ ಹಗಲೂ ಇರುಳೂ ಸೊಪ್ಪು ತಿನ್ನುತ್ತದೆ, ಆಗ ಬರುವ ಸದ್ದು ಅದು. ಇನ್ನು ಐದಾರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹುಳ. ಕೆಡುವುದಿದ್ದರೆ ಕೆಡುವುದೂ ಆಗಲೇ.

ಹಾಗಾದರೆ ಸುಳ್ಳು ಯಾಕೆ ಹೇಳಿದರು? ಅದೂ ನನಗೆ ಗೊತ್ತಿತ್ತು. ಹುಳ ತಂದಿದ್ದೇವೆ ಎಂದು ಹೊರಗಿನವರಿಗೆ ಯಾರೂ ಹೇಳುವುದಿಲ್ಲ. ಕಣ್ಣಾಗುತ್ತದೆ. ನನ್ನ ಅವ್ವ ಪಕ್ಕದ ಮನೆಯವರಿಗೂ ಹೇಳುತ್ತಿರಲಿಲ್ಲ. "ಉಳ ಇದ್ದಾವಾ ಅಂತ ಕೇಳೋಳ ಕಣ್ಣೇ ಮೊದ್ಲು ತಾಕಾದು. ನೀ ಯಾರ ಮನೇಲೂ ಕೇಳ್ಬ್ಯಾಡ" ಎಂದು ನನಗೆ ಕಿವಿ ಹಿಂಡಿ ಕಲಿಸಿದ್ದಳು. ಪಾಪ, ದೊಡ್ಡವ್ವನಿಗೆ ಎಣ್ಣೆಬಣ್ಣದ ಘಾಟು ಏನೆಂದೇ ಗೊತ್ತಿರಲಿಲ್ಲ. ಆ ಊರಿಗೆ ಅದು ಬಂದದ್ದೇ ನಮ್ಮ ಕುಕ್ಕೆಯಲ್ಲಿ. ವಾಸನೆ ಬಂದರೆ ಕೋಣೆಯ ಬಾಗಿಲು ಮುಚ್ಚಿದರಾಯಿತು, ಮೇಲಾಗಿ ಬಣ್ಣ ಹಚ್ಚುವುದು ಬೀದಿ ಬಾಗಿಲಿಗೆ ಎಂದುಕೊಂಡಿದ್ದರು. ಆಕೆಗೆ ಭಯವಿದ್ದದ್ದು ಜನರ ಕಣ್ಣಿನದು.

ನಾನು ಹೇಳಬಹುದಿತ್ತು. ಆಕೆಗೆ ಬೇಡ, ಸಂಜೆ ಹಿಂದಿರುಗುವ ದಾರಿಯಲ್ಲಿ ನಮ್ಮವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವರು ಡಬ್ಬ ಮುಟ್ಟುತ್ತಿರಲಿಲ್ಲ. ಕೆಲಸ ನಿಂತರೆ ಸಾಹುಕಾರರ ತಾಯಿಯನ್ನು ಸುಳ್ಳಿ ಎಂದ ಹಾಗಾಗುತ್ತಿತ್ತು. ಶಿವರಾತ್ರಿ ಹತ್ತಿರ ಬಂದಿತ್ತು, ಕಂಟ್ರಾಕ್ಟರನ ಮೂರು ತಿಂಗಳೂ ತುಂಬುತ್ತಿತ್ತು. ಅವ್ವ ಕಲಿಸಿದ ಮಾತು ನನಗೆ ಒಳ್ಳೆಯ ನೆಪವಾಯಿತು, ಅಷ್ಟೇ. ನಿಜವಾಗಿ ನನ್ನ ಬಾಯಿ ಕಟ್ಟಿದ್ದು ಭಯ. ಬೀದಿ ಬಾಗಿಲೆಲ್ಲಿ, ಹಿತ್ತಿಲ ಕೋಣೆಯೆಲ್ಲಿ, ನಡುವೆ ಎರಡು ಗೋಡೆ ಇದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ದಿನ ಸುಣ್ಣ ಸೋಸುತ್ತ ಆ ಸದ್ದನ್ನು ಕೇಳಿಕೊಂಡೇ ಇದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಡಬ್ಬ ತೆಗೆದರು. ಬೀದಿ ಬಾಗಿಲಿಗೆ ಎರಡು ಕದ. ಎಡಗಡೆಯ ಕದ ಮುಗಿಯುವ ಹೊತ್ತಿಗೆ ಅರ್ಧ ಊರೇ ಜಗಲಿಯ ಮುಂದಿತ್ತು. ಎಳೆ ಬಾಳೆ ಎಲೆಯಂಥ ಹಸಿರು, ಮುಖ ಕಾಣುವಂಥ ಹೊಳಪು. ಸಾಹುಕಾರರು ಮೀಸೆಯ ಮೇಲೆ ಕೈ ಹಾಕಿಕೊಂಡು ಹೊಲಕ್ಕೆ ಹೋದರು. ನಮ್ಮವರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡೆ.

ಮಧ್ಯಾಹ್ನ ಗಾಳಿ ಎದ್ದಿತು. ಬೀದಿಯ ಧೂಳೆಲ್ಲ ಹಸಿ ಬಣ್ಣದ ಮೇಲೆ ಕೂರತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದರು. ನಮ್ಮವರು ಬಿಡುವವರಲ್ಲ. ಬಲಗಡೆಯ ಕದವನ್ನು ಕಳಚಿ, ಹೊತ್ತುಕೊಂಡು ಒಳಗೆ ಹೋಗಿ, ತೊಟ್ಟಿಯೊಳಗೆ ಒರಗಿಸಿದರು. ಡಬ್ಬಗಳನ್ನೂ ಒಳಕ್ಕೆ ಸಾಗಿಸಿದರು. ಆ ತೊಟ್ಟಿಯಿಂದ ಹುಳದ ಕೋಣೆಗೆ ಹತ್ತು ಹೆಜ್ಜೆ.

ನಾನು ನೋಡಿದೆ. ಟರ್ಪೆಂಟೈನ್ ಡಬ್ಬ ನನ್ನ ಮುಂದೆಯೇ ಹೋಯಿತು. ಬಾಯಿ ತೆರೆದೆ, ಮುಚ್ಚಿದೆ. ಇನ್ನೇನು ಒಂದು ಕದ, ಒಂದು ಗಳಿಗೆ, ಮುಗಿದೇ ಹೋಗುತ್ತದೆ ಎಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು! ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತು, ಬೇಡದ ಕುಂಚವನ್ನು ತಿಕ್ಕಿ ತಿಕ್ಕಿ ತೊಳೆಯತೊಡಗಿದೆ. ಕಿವಿ ಮಾತ್ರ ಕೋಣೆಯ ಕಡೆ. ಬೀದಿ ಬಾಗಿಲಿನ ಗಾಳಿ ತೊಟ್ಟಿಯೊಳಗೆ ನುಗ್ಗಿ ಹಿತ್ತಿಲ ಕಡೆಗೇ ಬೀಸುತ್ತಿತ್ತು, ನನ್ನ ಮೂಗಿಗೂ ಘಾಟು ಬಂತು.

ಸೋನೆ ಮಳೆಯ ಸದ್ದು ಸಣ್ಣದಾಯಿತು. ಆಮೇಲೆ ನಿಂತಿತು.

ನಾಲ್ಕನೆಯ ಜ್ವರ ಕಳೆದ ಹುಳ ಮೇವು ನಿಲ್ಲಿಸುವುದೆಂದರೆ! ನನ್ನ ಕೈಯ ಕುಂಚ ಬಾವಿಗೆ ಬಿತ್ತು. ಓಡಿಹೋಗಿ ಟರ್ಪೆಂಟೈನ್ ಡಬ್ಬವನ್ನು ಎತ್ತಿ ಹಿತ್ತಿಲ ಗೋಡೆಯಾಚೆ ಎಸೆದೆ. ನಮ್ಮವರು ಬ್ರಶ್ಶು ಹಿಡಿದು ಹಾಗೇ ನಿಂತುಬಿಟ್ಟರು. ನಾನು ಕೋಣೆಯ ಬಾಗಿಲು ಬಡಿಯುತ್ತ ಮನೆ ಹಾರಿಹೋಗುವಂತೆ ಕಿರುಚಿದೆ: "ಬೀಗ ತಗೀರಿ ದೊಡ್ಡವ್ವಾರೇ! ಉಳ ಸಾಯ್ತಾವೆ, ಬೀಗ ತಗೀರಿ!"

ದೊಡ್ಡವ್ವ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಮುಖ ಕೆಂಡವಾಗಿತ್ತು. "ಯಾವ ಉಳಾನೇ? ಯಾರ್ನೇ ನೀನು ನನ್ನ ಮನೇಲಿ ಉಳ ಎಣಿಸೋಕೆ? ಬಾಯ್ಮುಚ್ಚು!"

"ಮೊದ್ಲೇ ಬಾಯ್ಮುಚ್ಕಂಡಿದ್ದಕ್ಕೇ ಇಷ್ಟಾಗಿರಾದು! ಸದ್ದು ನಿಂತದೆ, ನಿಮ್ಗೆ ಕೇಳ್ತಾ ಇಲ್ವಾ? ಸದ್ದು ನಿಂತದೆ!"

ಆಕೆ ಒಂದು ಕ್ಷಣ ಕಿವಿಗೊಟ್ಟರು. ಸೊಂಟದ ಗೊಂಚಲಿನಲ್ಲಿ ಬೀಗದ ಕೈ ಹುಡುಕಿದರು. ಬಾಗಿಲು ತೆಗೆದರೆ ಅಟ್ಟಣೆಯ ತುಂಬ ಇಪ್ಪತ್ತೆರಡು ತಟ್ಟೆ. ಹುಳಗಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಬಾಗಿಲ ಹತ್ತಿರದ ತಟ್ಟೆಗಳಲ್ಲಿ ಹಸಿರು ನೀರು ಕಕ್ಕುತ್ತಿದ್ದವು. ದೊಡ್ಡವ್ವ "ಅಯ್ಯೋ ಶಿವನೇ" ಎಂದು ಹೊಸ್ತಿಲ ಮೇಲೆ ಕುಸಿದರು.

ಎಲ್ಲಾದರೂ ಒಳ್ಳೆ ಗಾಳಿಗೆ ಸಾಗಿಸಬೇಕಿತ್ತು. ಊರ ಆ ತುದಿಯಲ್ಲಿ ಅವರದೇ ಕಣ, ಕಣದಲ್ಲಿ ಖಾಲಿ ಕೊಟ್ಟಿಗೆ. ಗಾಳಿ ಬರುತ್ತಿದ್ದದ್ದು ಆ ಕಡೆಯಿಂದಲೇ. ಆದರೆ ಅಲ್ಲಿಗೆ ಹೋಗುವುದೆಂದರೆ ಬೀದಿಯ ಮೇಲೆ, ಹಾಡುಹಗಲು, ತೆರೆದ ತಟ್ಟೆ. ಮುಚ್ಚುವಂತಿಲ್ಲ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಹುಳವನ್ನು ಬೀದಿಗೆ ತಂದ ಮನೆ ಆ ಊರಲ್ಲಿ ಅದುವರೆಗೆ ಒಂದೂ ಇರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಮೊದಲ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೆ. ಹಿಂದೆ ನಮ್ಮವರು, ಅವರ ಹಿಂದೆ ಸೊಸೆಯರು, ಆಳುಗಳು. ಜಗಲಿಗಳ ಮೇಲೆ ಜನ ಎದ್ದು ನಿಂತರು. ಹೆಂಗಸರು ಕೆಲವರು ತಮ್ಮ ಕಣ್ಣು ತಾಕದಿರಲಿ ಎಂದೋ ಏನೋ, ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಹಿಂದಿನಿಂದ ದೊಡ್ಡವ್ವನ ಗೋಳು ಕೇಳುತ್ತಿತ್ತು: "ನನ್ನ ಉಳಾವ ಬೀದಿಗ್ ತಂದ್ಲಲ್ಲಪ್ಪಾ, ಊರ ಕಣ್ಗೆಲ್ಲ ಬಡಿಸ್ಬುಟ್ಲಲ್ಲಪ್ಪಾ!"

ಸಾಹುಕಾರರು ಹೊಲದಿಂದ ಓಡಿಬಂದರು. ಕೊಟ್ಟಿಗೆಯಲ್ಲಿ ಸಾಲಾಗಿಟ್ಟ ತಟ್ಟೆಗಳನ್ನು ನೋಡಿದರು, ತಾಯಿಯನ್ನು ನೋಡಿದರು, ಆಮೇಲೆ ನಮ್ಮವರ ಮುಂದೆ ಬಂದು ನಿಂತರು. ದನಿ ಏರಿಸಲಿಲ್ಲ.

"ಗೂಡು ಕಟ್ಟಿದ್ರೆ ಸರಿ. ಕಟ್ನಿಲ್ಲ ಅಂದ್ರೆ, ಇಲ್ಲಿಂದ ಯಳಂದೂರ್ಗಂಟ ಯಾವ ಮನೇಲೂ ನೀನು ಬ್ರಶ್ ಅದ್ದಂಗಿಲ್ಲ. ನಾನೇ ಓಗಿ ಏಳ್ತೀನಿ."

ಅವರು ಹೇಳಲೇಬೇಕಾಗಿರಲಿಲ್ಲ. ಹುಳ ಸಾಯಿಸಿದ ಬಣ್ಣದವನನ್ನು ಹುಳ ಸಾಕುವ ಸೀಮೆಯಲ್ಲಿ ಯಾರು ಕರೆಯುತ್ತಾರೆ? ನಮ್ಮವರು ತಲೆ ತಗ್ಗಿಸಿ, "ಆಗ್ಲಿ ಬುದ್ಧಿ" ಎಂದರು. ಮನೆಯಲ್ಲಿ ಹುಳ ಇಲ್ಲ ಎಂದು ನೀವೇ ಹೇಳಿದಿರಿ ಎನ್ನಲಿಲ್ಲ. ನಾನು ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

ಅಂದು ಸಂಜೆ ಅವರೊಬ್ಬರೇ ಕೊಳ್ಳೇಗಾಲಕ್ಕೆ ಹೊರಟರು. ಹೋಗುವ ಮುನ್ನ ನನಗೆ ಗೊತ್ತಿತ್ತೇ ಎಂದು ಕೇಳಿದರು. "ಮೊದ್ಲ ದಿನದಿಂದ ಗೊತ್ತಿತ್ತು" ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಸೈಕಲ್ ತಳ್ಳಿಕೊಂಡು ಹೋದರು. ನಾನು ಕೊಟ್ಟಿಗೆಯಲ್ಲೇ ಉಳಿದೆ.

ದೊಡ್ಡವ್ವ ನನ್ನನ್ನು ಹೋಗೆನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಇಬ್ಬರೂ ಸತ್ತ ಹುಳ ಆರಿಸಿದೆವು, ಉಳಿದವಕ್ಕೆ ಸುಣ್ಣದ ಪುಡಿ ಉದುರಿಸಿದೆವು, ಎಳೆ ಸೊಪ್ಪು ಹೆಚ್ಚಿ ಹಾಕಿದೆವು. ಹುಳ ಮುಟ್ಟಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೂ ಮುಟ್ಟಲಿಲ್ಲ. ಬಾಗಿಲ ಹತ್ತಿರವಿದ್ದ ನಾಲ್ಕು ತಟ್ಟೆ ಪೂರ್ತಿ ಕಪ್ಪಾದವು. ಆಕೆ ಅವನ್ನು ತಿಪ್ಪೆಗೆ ಹೊತ್ತು ಹಾಕಿ ಬಂದು ನನ್ನ ಎದುರಿಗೆ ಕೂತರು. ಇಬ್ಬರೂ ಕಿವಿ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದೆವು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಯಾವುದೋ ಮೂಲೆಯ ತಟ್ಟೆಯಲ್ಲಿ ಸಣ್ಣದಾಗಿ ಕರಕರ ಎಂದಿತು. ನಾನು ಅತ್ತುಬಿಟ್ಟೆ. ಆಕೆ ಅಳಲಿಲ್ಲ, ಎದ್ದು ಇನ್ನೊಂದು ಹೊರೆ ಸೊಪ್ಪು ತಂದರು.

ಆ ಮಧ್ಯಾಹ್ನವೇ ಕಂಟ್ರಾಕ್ಟರು ಸೈಕಲ್ಲಿನಲ್ಲಿ ಬಂದ. ಸುದ್ದಿ ಕೊಳ್ಳೇಗಾಲ ಮುಟ್ಟಿತ್ತು. ನಮ್ಮವರು ಉಳಿದ ಗೋಡೆಗೆ ಸುಣ್ಣ ಮುಗಿಸಲೆಂದು ಬಂದಿದ್ದರು. ಕಣದ ಅಂಚಿನಲ್ಲಿ ಅವರನ್ನು ನಿಲ್ಲಿಸಿಕೊಂಡು ನನಗೆ ಕೇಳುವಂತೆಯೇ ಹೇಳಿದ: "ಆದದ್ದಾಯ್ತು ಬುಡು. ನನ್ನ ಆಳು ತಪ್ಪು ಮಾಡ್ದ, ನಾನು ನೋಡ್ಕತೀನಿ ಅಂತ ಸಾವ್ಕಾರ್ರಿಗೆ ಏಳ್ತೀನಿ. ಸೋಮವಾರದಿಂದ ಬಂದ್ಬುಡು. ಒಂದೇ ಮಾತು, ನಿನ್ನ ಎಂಡ್ತಿ ಬಂದು ನನ್ನ ಜಗ್ಲಿ ಮುಂದೆ ತಪ್ಪಾಯ್ತು ಅನ್ಬೇಕು."

ನನ್ನ ರಕ್ತ ಕುದಿಯಿತು. ಆದರೆ ಯಾವ ಬಾಯಲ್ಲಿ ಮಾತಾಡಲಿ? ಹೋಗಿ ತಪ್ಪಾಯಿತು ಅನ್ನುವುದಕ್ಕೂ ನಾನು ತಯಾರಾದೆ, ಸತ್ಯವಾಗಿ ಹೇಳುತ್ತೇನೆ. ಅಷ್ಟು ಸೋತಿದ್ದೆ. ನಮ್ಮವರು ಕೈಯ ಸುಣ್ಣ ಒರೆಸಿಕೊಂಡು, "ಗೂಡು ಕಟ್ಟೋಗಂಟ ನಾ ಏನೂ ಏಳಾಕಿಲ್ಲ ಸಾ" ಎಂದರು.

"ಕಟ್ನಿಲ್ಲ ಅಂದ್ರೆ?"

"ನಾನೊಬ್ನೇ ಬಂದು ನಿಂತ್ಕತೀನಿ. ಅವಳು ಬರಾಕಿಲ್ಲ."

ಮೂರನೆಯ ದಿನ ಹುಳ ಹಣ್ಣಾದವು. ಮೈಯೆಲ್ಲ ಹಳದಿಯಾಗಿ, ಗಾಜಿನಂತೆ ಒಳಗಿನ ಬೆಳಕು ಕಾಣುವಂತಾಗಿ ತಟ್ಟೆಯ ಅಂಚು ಹತ್ತತೊಡಗಿದವು. ಒಂದೊಂದನ್ನೇ ಆರಿಸಿ, ಬಿದಿರಿನ ಸುತ್ತು ಸುತ್ತಿನ ಚಂದ್ರಿಕೆಯ ಮೇಲೆ ಬಿಟ್ಟೆವು. ಘಾಟು ಕುಡಿದ ಹುಳ ಚಂದ್ರಿಕೆ ಏರಿಯೂ ದಾರ ಬಿಡದೆ ಸಾಯುವುದುಂಟು. ಮೊದಲ ದಿನ ಏನೂ ಹೇಳುವಂತಿರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಚಂದ್ರಿಕೆಯ ಸುತ್ತುಗಳಲ್ಲಿ ತೆಳ್ಳಗೆ ನೂಲಿನ ಮಂಜು ಕಾಣಿಸಿತು. ಸಂಜೆಯ ಹೊತ್ತಿಗೆ ಅದರೊಳಗಿನ ಹುಳ ಕಾಣದಂತಾಯಿತು. ಹದಿನೆಂಟು ತಟ್ಟೆಯ ಹುಳ ಗೂಡು ಕಟ್ಟಿದವು. ಕೆಲವು ಪೊಳ್ಳು, ಕೆಲವು ಸಣ್ಣವು, ಆದರೂ ಗೂಡು.

ಸಾಹುಕಾರರು ಬಂದು ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿದರು. ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ. "ನೀವ್ ಓಗಿ. ಏಳ್ಕಳಿಸ್ತೀನಿ" ಎಂದರು. ಬಂದ ದಾರಿಯಲ್ಲೇ ಹಿಂದಿರುಗಿದೆವು. ಬೀದಿ ಬಾಗಿಲಿನ ಒಂದು ಕದ ಹಸಿರು, ಇನ್ನೊಂದು ಅರ್ಧಂಬರ್ಧ ಬಳಿದ ಮರ. ಅದು ಹಾಗೇ ಇದ್ದಂತೆ ಶಿವರಾತ್ರಿ ಕಳೆಯಿತು. ಯುಗಾದಿಯೂ ಕಳೆಯಿತು. ಹೇಳಿಕಳಿಸಲಿಲ್ಲ.

ಬೇರೆಯವರೂ ಕರೆಯಲಿಲ್ಲ. ಸಂತೆಯಲ್ಲಿ ನಮ್ಮವರನ್ನು ತೋರಿಸಿ ಯಾರೋ, "ಅವ್ನೇ ಕಣ್ಲಾ, ಉಳದ ಮನೇಲಿ ಬಣ್ಣ ತಗ್ದೋನು" ಎಂದದ್ದು ನನ್ನ ಕಿವಿಗೇ ಬಿತ್ತು. ಜಗಳ ಆಡಲಿಲ್ಲ. ಬಾವಿಕಟ್ಟೆಯಲ್ಲೂ ಸುಮ್ಮನೆ ನೀರು ಸೇದಿಕೊಂಡು ಬರುತ್ತಿದ್ದೆ. ಇವಳಿಗೆ ಏನೋ ಆಗಿದೆ ಎಂದು ಹೆಂಗಸರು ಮಾತಾಡಿಕೊಂಡರು. ಒಂದು ಭಾನುವಾರ ನಮ್ಮವರು ತಮ್ಮ ಬಿಳಿ ಅಂಗಿಯನ್ನು ತಾವೇ ಒಗೆದು ಹಗ್ಗದ ಮೇಲೆ ಹರವಿದರು. ಮಾರನೆಯ ದಿನ ಸೋಮವಾರ. ಕಂಟ್ರಾಕ್ಟರನ ಜಗಲಿಗೆ ಎಂದು ಕೇಳದೆಯೇ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಅಂಗಿ ಹಾಕಿಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಮನೆ ಮುಂದೆ ಧನಗೆರೆಯ ಗಾಡಿ ನಿಂತಿತು. "ಡಬ್ಬ ತಕಂಡು ಇಬ್ರೂ ಬರ್ಬೇಕಂತೆ, ದೊಡ್ಡವ್ವ ಏಳವ್ರೆ" ಎಂದ ಗಾಡಿಯವನು.

ಗಾಡಿ ಹತ್ತಿದೆವು. ಲೆಕ್ಕ ತೀರಿಸಿ ಕೈ ತೊಳೆದುಕೊಳ್ಳಲು ಕರೆದಿದ್ದಾರೆ ಎಂದೇ ನನಗನ್ನಿಸಿತ್ತು. ಹೋದರೆ ದೊಡ್ಡವ್ವ ಜಗಲಿಯ ಮೇಲೆ ನಿಂತಿದ್ದರು. ನಮ್ಮವರನ್ನು ಅಲ್ಲೇ ಕೂರಲು ಹೇಳಿ, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಡಿಗೆಮನೆಯಿಂದ ಬರುತ್ತಿದ್ದ ಸಾರಿನ ವಾಸನೆಯಲ್ಲಿ ಒಗ್ಗರಣೆ ಇರಲಿಲ್ಲ. ಹಿತ್ತಿಲ ಕೋಣೆಯ ಮುಂದೆ ನಿಂತು, ಸೊಂಟದಿಂದ ಬೀಗದ ಕೈ ತೆಗೆದು, ಸೊಸೆಯರಿಬ್ಬರೂ ನೋಡುತ್ತಿದ್ದಂತೆ ಬಾಗಿಲು ತೆರೆದರು.

ಅಟ್ಟಣೆಯ ತುಂಬ ಹೊಸ ಹುಳ. ನಾನು ಹೊಸ್ತಿಲ ಹೊರಗೇ ನಿಂತು ಕಣ್ಣು ತಗ್ಗಿಸಿದೆ. ದೊಡ್ಡವ್ವ ನನ್ನ ಗಲ್ಲ ಹಿಡಿದೆತ್ತಿದರು.

"ಕಣ್ತುಂಬ ನೋಡವ್ವ. ಅವತ್ತು ನಾ ಸುಳ್ಳೇಳ್ದೆ, ನೀ ಸುಮ್ಗಾದೆ. ಇಬ್ರೂ ಸೇರಿ ನಾಕು ತಟ್ಟೆ ತಿಂದ್ವಿ. ಇವತ್ತು ನೀನೇ ನೋಡಿ ಏಳು, ಡಬ್ಬ ಯಾವತ್ತು ತಗೀಬೋದು?"

ಹೊಸ್ತಿಲ ಸುಣ್ಣದ ಗೆರೆ ದಾಟಿ ಒಳಗೆ ಹೋದೆ. ಒಂದು ತಟ್ಟೆಯ ಮೇಲೆ ಬಗ್ಗಿದೆ. ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಮಲಗಿದ್ದವು. ಮೂರನೆಯ ಜ್ವರ. ಇನ್ನೊಂದು ಜ್ವರ ಬರಬೇಕು, ಏಳಬೇಕು, ಹಣ್ಣಾಗಬೇಕು, ಗೂಡು ಕಟ್ಟಬೇಕು. ಹೊರಗೆ ಜಗಲಿಯ ಮೇಲೆ ಬಿಳಿ ಅಂಗಿ ಹಾಕಿಕೊಂಡು ನಮ್ಮವರು ಡಬ್ಬಗಳ ಪಕ್ಕ ಕಾದು ಕೂತಿದ್ದರು. ಅವತ್ತು ಕೆಲಸವಿಲ್ಲ ಎಂದರೆ ಅವರು ಕೊಳ್ಳೇಗಾಲಕ್ಕೆ ಹಿಂದಿರುಗಿ ಎಲ್ಲಿಗೆ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಈ ಸಲ ಬಾಯಿ ಬಿಟ್ಟೆ.

"ಇವತ್ತು ಬ್ಯಾಡಿ ದೊಡ್ಡವ್ವಾರೇ. ಗೂಡು ಬಿಡಿಸೋಗಂಟ ಬ್ಯಾಡಿ. ಇನ್ನೂ ಇಪ್ಪತ್ತು ದಿನ ಆಯ್ತದೆ."

ದೊಡ್ಡವ್ವ ಬಾಗಿಲು ಮುಚ್ಚಿ ಬೀಗ ಹಾಕಿದರು. ಜಗಲಿಗೆ ಬಂದು ನಮ್ಮವರಿಗೆ ಕೇಳುವಂತೆ ಹೇಳಿದರು: "ಇಪ್ಪತ್ತು ದಿನ ಬುಟ್ಟು ಬಾಪ್ಪ. ಡಬ್ಬ ಇಲ್ಲೇ ಇರ್ಲಿ. ನಮ್ಮ ಬೀಗ್ರು ಮನೆ ಬಾಗ್ಲೂ ನಿಂಗೇ ಏಳಿವ್ನಿ. ಅಲ್ಗೂ ಇವ್ಳೇ ಮೊದ್ಲು ಒಳೀಕೆ ಓಗಿ ನೋಡ್ಲಿ."